ನಾನು ತಡೆದ ಒಂದು ಕೊಡ ನೀರು

ಆಗ ನನಗೆ ಇಪ್ಪತ್ತಾರು. ಈಗ ಎಪ್ಪತ್ತೆರಡು. ಅಂದರೆ ನಲವತ್ತಾರು ವರ್ಷದ ಹಿಂದಿನ ಮಾತು. ನನ್ನ ಎರಡನೆಯ ಮಗಳು ಆ ವರ್ಷ ಮೊಲೆ ಕುಡಿಯುವ ಕೂಸು, ಅವಳ ವಯಸ್ಸಿನ ಮೇಲೆ ಹೇಳುತ್ತಿದ್ದೇನೆ.

ಈಗ ನಾನು ಇಳಕಲ್ಲಿನಲ್ಲಿ ಅದೇ ಮಗಳ ಮನೆಯಲ್ಲಿದ್ದೇನೆ. ಹೋದ ವಾರ ಎದುರು ಮನೆಯವರು ಹಳೆಯ ಮಣ್ಣಿನ ಗೋಡೆಗೆ ಬಳಿಯಲು ಕಲ್ಲುಸುಣ್ಣ ತಂದರು. ಈಗ ಎಲ್ಲರೂ ಡಬ್ಬಿಯ ಬಣ್ಣ ಬಳಿಯುತ್ತಾರೆ, ಮಣ್ಣಿನ ಗೋಡೆಗೆ ಅದು ಹಿಡಿಯುವುದಿಲ್ಲ. ಅರ್ಧ ಕತ್ತರಿಸಿದ ಡ್ರಮ್ಮಿಗೆ ಸುಣ್ಣ ಹಾಕಿ ನೀರು ಬಿಟ್ಟರು. ಸುಣ್ಣ ಅರಳತೊಡಗಿತು. ಸುಟ್ಟ ಸುಣ್ಣ ನೀರು ಕುಡಿದು, ಬುಸುಗುಟ್ಟಿ ಕುದಿದು, ಹಿಟ್ಟಾಗುವುದಕ್ಕೆ ನಾವು ಅರಳುವುದು ಎನ್ನುತ್ತೇವೆ. ಕಟ್ಟೆಯ ಮೇಲೆ ಕೂತಿದ್ದ ನನಗೆ ಆ ವಾಸನೆ ಬಡಿಯಿತು. ಕಾದ ಕಲ್ಲಿನ ಮೇಲೆ ಮಳೆ ಬಿದ್ದಂತಿರುತ್ತದೆ, ಆದರೆ ಮೂಗಿನೊಳಗೆ ಕಚ್ಚುತ್ತದೆ. ಎದ್ದು ಹೋಗಿ, ಕೋಲಿನಿಂದ ತಿರುವುತ್ತಿದ್ದ ಹುಡುಗಿಗೆ ಮುಖ ಅತ್ತ ಮಾಡಿ ನಿಲ್ಲು ಎಂದೆ. ಅಜ್ಜಿಗೆ ಯಾಕೆ ಇದರ ಉಸಾಬರಿ ಎಂದು ಅವಳು ನಕ್ಕಳು. ನಾನು ನಗಲಿಲ್ಲ. ಅವಳು ತಿರುಗಿ ನಿಲ್ಲುವ ತನಕ ಅಲ್ಲೇ ನಿಂತೆ.

ನಾನು ಎರಡನೆಯ ಇಯತ್ತೆ ಓದಿದವಳು. ಬರೆದದ್ದರಲ್ಲಿ ಅಕ್ಷರ ತಪ್ಪಿರಬಹುದು. ನಡೆದದ್ದು ತಪ್ಪಿಲ್ಲ.

ಬಾಗಲಕೋಟೆಯ ಹಳೆ ಊರಿನ ಆಚೆ, ಹೊಳೆಯ ಕಡೆಗೆ, ಸಾಲಾಗಿ ಐದು ಸುಣ್ಣದ ಭಟ್ಟಿಗಳಿದ್ದವು. ಮೂರನೆಯದು ನಮ್ಮದು. ಭಟ್ಟಿ ಅಂದರೆ ಕಲ್ಲುಮಣ್ಣಿನಲ್ಲಿ ನೆಲದ ಮೇಲೆ ಕಟ್ಟಿದ ಎರಡಾಳೆತ್ತರದ ಬಾವಿ ಅನ್ನಿ. ಮೇಲಿನಿಂದ ಒಂದು ಪದರ ಸುಣ್ಣದ ಕಲ್ಲು, ಒಂದು ಪದರ ಇದ್ದಿಲು ತುಂಬಿ, ಕೆಳಗಿನ ಬಾಯಿಯಿಂದ ಬೆಂಕಿ ಕೊಡುತ್ತಿದ್ದರು. ಉರಿದು ಆರಿದ ಮೇಲೆ ಅದೇ ಬಾಯಿಯಿಂದ ಸುಟ್ಟ ಸುಣ್ಣ ಎಳೆಯುವುದು. ತುಂಬುವುದು, ಎಳೆಯುವುದು ಗಂಡಸರ ಕೆಲಸ. ಕಲ್ಲು ಒಡೆಯುವುದು, ಬುಟ್ಟಿ ಹೊರುವುದು ನಮ್ಮ ಕೆಲಸ. ಯುಗಾದಿಗೆ ಎಲ್ಲರೂ ಮನೆ ಬಳಿಯುತ್ತಾರೆ. ಸಂಕ್ರಾಂತಿಯಿಂದ ಯುಗಾದಿಯ ತನಕ ನಮಗೆ ತಲೆ ಕೆರೆದುಕೊಳ್ಳಲೂ ಬಿಡುವಿರುತ್ತಿರಲಿಲ್ಲ.

ಬೆಂಕಿಗೆ ನಾವು ಅಂಜುತ್ತಿರಲಿಲ್ಲ. ಅಂಜುತ್ತಿದ್ದದ್ದು ನೀರಿಗೆ. ಸುಟ್ಟ ಸುಣ್ಣದ ಬುಟ್ಟಿಗೆ ನೀರು ಚೆಲ್ಲಿದರೆ ಬುಟ್ಟಿ ಹೊಗೆಯಾಡುತ್ತದೆ, ಹೊತ್ತವಳ ತಲೆ ಸುಡುತ್ತದೆ. ಮಳೆಯಲ್ಲಿ ಸಿಕ್ಕ ಸುಣ್ಣದ ಚಕ್ಕಡಿಯೊಂದು ಹತ್ತಿಕೊಂಡು ಉರಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಕುಡಿಯುವ ನೀರಿನ ಎರಡು ಕೊಡಗಳು ಭಟ್ಟಿಯಿಂದ ದೂರ, ಬೇವಿನ ಗಿಡದ ಕೆಳಗೆ ಇರುತ್ತಿದ್ದವು. ನೀರು ಕುಡಿದವರು ಕೈ ಒರೆಸಿಕೊಂಡು, ಗಾಳಿಗೆ ಆರಿಸಿಕೊಂಡು ಬರಬೇಕು. ಹಸಿ ಕೈಯಲ್ಲಿ ಸುಣ್ಣ ಮುಟ್ಟಿದರೆ ನಮ್ಮ ಅತ್ತೆ ಕೋಲಿನಿಂದ ಕೈಮೇಲೆ ಬಾರಿಸುತ್ತಿದ್ದಳು. ನನಗೂ ಬಿದ್ದಿವೆ. ಮೈಮೇಲೆ ಸುಣ್ಣ ಬಿದ್ದರೆ ಎಣ್ಣೆ, ನೀರಲ್ಲ. ಭಟ್ಟಿಯ ಗೂಡಿನಲ್ಲಿ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಬಾಟಲಿ ಯಾವಾಗಲೂ ಇರುತ್ತಿತ್ತು. ಹತ್ತು ವರ್ಷ ಸೊಸೆಯಾಗಿ ಇದ್ದುದರಲ್ಲಿ ಇದು ನನಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಈಗ ಆ ಜಾಗವೆಲ್ಲ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ನೋಡಬೇಕೆಂದರೂ ನೋಡಲು ಏನಿಲ್ಲ.

ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ನಾನು, ನನ್ನ ಎರಡು ಹೆಣ್ಣುಮಕ್ಕಳು, ಮೈದುನ ಯಂಕಪ್ಪ. ಆ ವರ್ಷ ದೀಪಾವಳಿ ಆದಮೇಲೆ ಯಂಕಪ್ಪನ ಲಗ್ನವಾಯಿತು. ಹುಡುಗಿ ಗುಳೇದಗುಡ್ಡದವಳು, ಗಂಗವ್ವ. ನಮ್ಮ ಮಂದಿಯೇ, ಆದರೆ ಅವಳ ಅಪ್ಪ ಎಂದೋ ಸುಣ್ಣ ಬಿಟ್ಟು ಕೂಲಿ ಮಗ್ಗಕ್ಕೆ ಕೂತವನು. ಕುಪ್ಪಸದ ಖಣ ನೇಯುವ ಮನೆ. ನೂಲಿಗೆ ಬಣ್ಣ ಹಾಕುವುದು ಗಂಗವ್ವನ ಪಾಲಿನ ಕೆಲಸವಾಗಿತ್ತು. ಸಂಕ್ರಾಂತಿ ಮುಗಿಸಿ ನಮ್ಮಲ್ಲಿಗೆ ಬಂದಾಗ ಅವಳ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಇತ್ತು. ಹತ್ತೊಂಬತ್ತು ವರ್ಷ. ತೆಳ್ಳಗೆ ಇದ್ದಳು. ಬುಟ್ಟಿ ಎತ್ತಲು ಬರುತ್ತಿರಲಿಲ್ಲ.

"ಏನವಾ, ಲಾಳಿ ಹಿಡದಂಗ ಹಿಡೀತಿ ಬುಟ್ಟಿ?" ಎಂದು ಮೊದಲ ದಿನವೇ ಚುಚ್ಚಿದೆ.

"ಲಾಳಿ ಆಗಿದ್ರ ತಾನ ಓಡತಿತ್ತಕ್ಕ. ಇದನ್ನ ನಾನ ಓಡಿಸಬೇಕು" ಎಂದಳು.

ಯಂಕಪ್ಪ ಭಟ್ಟಿಯ ಬಾಯಿಯಲ್ಲಿ ಕೂತಿದ್ದವನು ಸಲಿಕೆ ಕೆಳಗಿಟ್ಟು ನಕ್ಕ. ಅವನು ಹಾಗೆಯೇ, ನಗುವವನು. ಸಂಜೆ ಎಲ್ಲರ ಮೈಮೇಲೂ ಸುಣ್ಣದ ಧೂಳು ಕೂತಾಗ, ನಮ್ಮ ವೈನಿ ಹಗಲೆಲ್ಲ ಕರ್ರಗಿದ್ದು ಸಂಜೆಗೆ ದೊರೆಸಾನಿ ಆಗುತ್ತಾಳೆ ಎಂದು ನನ್ನನ್ನೇ ಆಡಿಕೊಳ್ಳುತ್ತಿದ್ದ. ನಾನು ಬೈದರೆ ಇನ್ನಷ್ಟು ನಗುತ್ತಿದ್ದ. ಗಂಡ ಹೆಂಡತಿ ದೂರದಿಂದಲೇ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅವನು ಸುಣ್ಣ ಎಳೆಯುತ್ತ ನೋಡುವುದು, ಅವಳು ಬುಟ್ಟಿ ತುಂಬಿಸಿಕೊಳ್ಳುತ್ತ ನೋಡುವುದು. ನನಗೆ ಅದು ಸೇರುತ್ತಿರಲಿಲ್ಲ. ನನ್ನ ಗಂಡ ನನ್ನನ್ನು ಹಾಗೆ ನೋಡಿದವನಲ್ಲ. ಇದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಅರ್ಧ ಸುಳ್ಳಾಗುತ್ತದೆ.

ಒಂದು ದಿನ ಬಿಸಿಲಿಗೆ ಅವನು ಬೆಂದು ಹೋಗಿದ್ದಾನೆ ಎಂದು ಅವಳು ತಂಬಿಗೆಯಲ್ಲಿ ನೀರು ತುಂಬಿಕೊಂಡು ಭಟ್ಟಿಯ ಬಾಯಿಯ ತನಕ ಬಂದಳು. ಅತ್ತೆ ದೂರದಿಂದ ಕೂಗಿ ನಿಲ್ಲಿಸಿದಳು. ಐದೂ ಭಟ್ಟಿಯವರಿಗೆ ಕೇಳುವಂತೆ ಬೈದಳು. ನಾನೂ ನನ್ನ ಪಾಲಿನದು ಸೇರಿಸಿದೆ. ಹುಡುಗಿ ತಂಬಿಗೆ ತಿರುಗಿಸಿಕೊಂಡು ಹೋದಳು. ಆಮೇಲೆ ಅವಳು ಏನು ಮಾಡುವ ಮುಂಚೆಯೂ ನನ್ನ ಮುಖ ನೋಡತೊಡಗಿದಳು. ನನಗೆ ಅದು ಹಿತವಾಗಿತ್ತು.

ಯುಗಾದಿಗೆ ಎಂಟು ದಿನ ಇರುವಾಗ ಆ ದಿನ ಬಂತು. ಬೆಳಗ್ಗೆ ಭಟ್ಟಿಯಿಂದ ಎಳೆದ ಸುಣ್ಣ ಬಯಲಿನಲ್ಲಿ ಗುಡ್ಡೆಯಾಗಿ ಆರುತ್ತಿತ್ತು. ಅತ್ತೆ ನನ್ನ ಕೂಸನ್ನು ನೋಡಿಕೊಂಡು ಮನೆಯಲ್ಲಿದ್ದಳು. ಮಧ್ಯಾಹ್ನ ರೊಟ್ಟಿ ತಿಂದು ಏಳುವ ಹೊತ್ತಿಗೆ ಬಾದಾಮಿಯ ಕಡೆಯಿಂದ ಕಪ್ಪಾಯಿತು. ಆ ತಿಂಗಳಲ್ಲಿ ಮಳೆ ಬರಬಾರದು, ಆದರೂ ಬರುತ್ತದೆ. ಗಾಳಿ ಎದ್ದಿತು. ಸುಣ್ಣವನ್ನೆಲ್ಲ ಮಗ್ಗುಲಿನ ಗೋಡೆ ಕಟ್ಟಿದ ಚಪ್ಪರದ ಒಳಗೆ ಹಾಕಬೇಕು, ಇಲ್ಲದಿದ್ದರೆ ಗುಡ್ಡೆಯೇ ಕುದಿದು ಹೋಗುತ್ತದೆ. ಎಲ್ಲರೂ ಓಡಿದೆವು. ನಾನು, ಗಂಗವ್ವ ಹೊತ್ತು ತರುವುದು, ಒಳಗೆ ನಮ್ಮ ಮನೆಯವರು ಬುಟ್ಟಿ ಎತ್ತಿ ಮೇಲೆ ಕೊಡುವುದು, ಯಂಕಪ್ಪ ರಾಶಿಯ ಮೇಲೆ ನಿಂತು ಇಸಿದುಕೊಂಡು ಸುರಿಯುವುದು. ಹಳೆಯ ಬುಟ್ಟಿಗಳು. ಒಂದನ್ನು ಅವನು ತಲೆಯ ಮೇಲಕ್ಕೆ ಎತ್ತಿ ಹಿಡಿದಾಗ ಅದರ ತಳ ಬಿಚ್ಚಿತು. ಅವನು ಮುಖ ಮೇಲೆ ಮಾಡಿದ್ದ. ಗಡ್ಡೆ, ಪುಡಿ, ಎಲ್ಲವೂ ಮುಖದ ಮೇಲೆಯೇ ಬಿತ್ತು.

ಅವನು ಕೂಗಲಿಲ್ಲ. ಮೊದಲು ಕೂತ. ಆಮೇಲೆ ಕಣ್ಣು ಎಂದ. ಬೆವೆತ ಕೈಯಲ್ಲಿ ಎರಡೂ ಕಣ್ಣು ತಿಕ್ಕತೊಡಗಿದ. ನಮ್ಮ ಮನೆಯವರು ಅವನ ಕಂಕುಳಿಗೆ ಕೈಹಾಕಿ ರಾಶಿಯಿಂದ ಇಳಿಸಲು ಒದ್ದಾಡುತ್ತಿದ್ದರು. ನಾನು ಬಾಗಿಲಲ್ಲಿದ್ದೆ. ತಿರುಗಿ ನೋಡಿದರೆ ಗಂಗವ್ವ ಬೇವಿನ ಗಿಡದಿಂದ ಓಡಿ ಬರುತ್ತಿದ್ದಾಳೆ. ಟೊಂಕದ ಮೇಲೆ ತುಂಬಿದ ಕೊಡ. ಸೀರೆ ಅರ್ಧ ತೊಯ್ದಿತ್ತು. ಈ ಸಲ ಅವಳು ನನ್ನ ಮುಖ ನೋಡಲಿಲ್ಲ.

ನಾನು ಎರಡೂ ಕೈಯಿಂದ ಕೊಡಕ್ಕೆ ಹೊಡೆದೆ. ಮಣ್ಣಿನ ಕೊಡ, ಬಾಗಿಲಲ್ಲಿ ಬಿದ್ದು ಒಡೆಯಿತು. ನೆಲದಲ್ಲಿ ಚೆಲ್ಲಿದ್ದ ಸುಣ್ಣದ ಚೂರುಗಳಿಗೆ ನೀರು ತಾಗಿ ಚುರ್ ಎಂದು ಹೊಗೆ ಎದ್ದಿತು.

"ನೋಡಿದ್ಯಾ ಹೆಂಗ ಕುದೀತೈತಿ? ಅವನ ಕಣ್ಣ ಕುದಸ್ತಿಯೇನ?" ಎಂದೆ.

"ಬಣ್ಣ ಸಿಡಿದ್ರ ನಾವು ನೀರ ಹಾಕೂದಕ್ಕ."

"ಇದು ನಿಮ್ಮಪ್ಪನ ಮನೀ ಬಣ್ಣಲ್ಲ."

ಒಳಗಿನಿಂದ ಯಂಕಪ್ಪನೂ ನೀರು ಬೇಡ, ನೀರು ಬೇಡ ಎನ್ನುತ್ತಿದ್ದ. ಅವನೂ ಭಟ್ಟಿಯಲ್ಲಿ ಹುಟ್ಟಿ ಬೆಳೆದವನಲ್ಲವೇ. ಗಂಗವ್ವ ಒಮ್ಮೆ ಬೇವಿನ ಗಿಡದ ಕಡೆ ತಿರುಗಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಿಂತುಬಿಟ್ಟಳು.

ಔಡಲೆಣ್ಣೆ ತಂದವಳು ನಾನು. ಅವನ ತಲೆ ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ, ಎರಡೂ ಕಣ್ಣಿಗೆ ಎಣ್ಣೆ ಬಿಟ್ಟೆ. ನನ್ನ ಹಳೆ ಸೀರೆಯ ಅಂಚು ಹರಿದು ಕಣ್ಣಿಗೆ ಕಟ್ಟಿದೆ. ಬಿಗಿಯಾಗಿ, ಗಾಳಿ ಹೋಗದಂತೆ. ನಾನು ಮಾಡಿದ ಕೆಲಸ ಎಂದೂ ಅರೆಬರೆ ಇರುತ್ತಿರಲಿಲ್ಲ.

ಅವನನ್ನು ಗೋಡೆಗೆ ಒರಗಿಸಿ ನಾವು ಉಳಿದ ಸುಣ್ಣ ಹೊತ್ತೆವು. ಹೌದು, ಹೊತ್ತೆವು. ಮಳೆ ಬರುವುದರಲ್ಲಿತ್ತು. ಎಣ್ಣೆ ಹಾಕಿದೆ, ಕಟ್ಟಿದೆ, ಇನ್ನೇನು, ತಣ್ಣಗಾಗುತ್ತದೆ ಎಂದುಕೊಂಡೆವು. ಗಂಗವ್ವ ಹೊರಲಿಲ್ಲ, ಅವನ ಎರಡೂ ಕೈ ಹಿಡಿದುಕೊಂಡು ಕೂತಿದ್ದಳು. ಕೆಲಸ ಬಿಟ್ಟು ಕೂತಳು ಎಂದು ನಾನು ಅದಕ್ಕೂ ಗೊಣಗಿದೆ. ಸುಣ್ಣ ಒಳಗಾಗುವ ಹೊತ್ತಿಗೆ ಯಂಕಪ್ಪ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ. ಆಗ ನಮ್ಮ ಮನೆಯವರು ಹೆದರಿದರು. ಎತ್ತು ಹೊಳೆಯ ಕಡೆ ಮೇಯಲು ಹೋಗಿದ್ದವು. ಹೊಡೆದುಕೊಂಡು ಬಂದು ಚಕ್ಕಡಿ ಹೂಡಿದರು.

ದಾರಿಯಲ್ಲಿ ಮಳೆ ಹಿಡಿಯಿತು. ದಪ್ಪ ಹನಿ. ಯಂಕಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಮಳೆನೀರು ಕಣ್ಣಿಗೆ ಇಳಿಯಬಾರದೆಂದು ನಾನು ಅವನ ಮುಖಕ್ಕೆ ಕಂಬಳಿ ಮುಚ್ಚಿ, ನಾಲ್ಕೂ ಕಡೆ ಒತ್ತಿ ಹಿಡಿದೆ.

"ಮಳೀ ಏನ ವೈನಿ?" ಎಂದು ಕಂಬಳಿಯ ಒಳಗಿನಿಂದ ಕೇಳಿದ. ಹೂಂ, ಮುಖ ಎತ್ತಬೇಡ ಎಂದೆ. ಅವನು ಎತ್ತಲಿಲ್ಲ. ಹೇಳಿದ ಮಾತು ಕೇಳುವ ಹುಡುಗ. ಬಾಗಲಕೋಟೆ ಮುಟ್ಟುವ ತನಕ ಧೋ ಎಂದು ಸುರಿಯಿತು. ನನ್ನ ಸೀರೆ, ಗಂಗವ್ವನ ಸೀರೆ, ಎತ್ತು, ಚಕ್ಕಡಿ ಎಲ್ಲ ತೊಯ್ದು ತೊಪ್ಪೆಯಾದವು. ಅವನ ಮುಖಕ್ಕೆ ಒಂದು ಹನಿ ತಾಗಗೊಡಲಿಲ್ಲ ನಾನು.

ದವಾಖಾನೆಯಲ್ಲಿ ನಮ್ಮ ಮನೆಯವರು ಚೀಟಿ ಮಾಡಿಸಲು ಹೊರಗೆ ನಿಂತರು. ಒಳಗೆ ವಯಸ್ಸಾದ ಒಬ್ಬ ನರ್ಸಬಾಯಿ ಇದ್ದರು. ಸುಣ್ಣ ಎಂದದ್ದೇ ತಡ, ಬೇರೆ ಕೆಲಸ ಬಿಟ್ಟು ಬಂದರು. ಕಟ್ಟು ಬಿಚ್ಚಿದರು. ಎಣ್ಣೆ ನೋಡಿ ನಾಲಿಗೆ ಕಚ್ಚಿಕೊಂಡರು. ಅದನ್ನು ಒರೆಸಿ, ರೆಪ್ಪೆಯನ್ನು ಹೊರಳಿಸಿ, ಅರಳೆಯಿಂದ ಬಿಳಿ ಚೂರುಗಳನ್ನು ತೆಗೆದರು. ಎಣ್ಣೆಯಲ್ಲಿ ಕಲೆಸಿದ ಹಿಟ್ಟಿನಂತೆ ಬಂತು. ಆಮೇಲೆ ಅವನ ತಲೆ ಒಂದು ಮಗ್ಗುಲಿಗೆ ವಾಲಿಸಿ ನೀರು ಬಿಡತೊಡಗಿದರು. ನಾನು ಬೇಡ ಎಂದು ಕೈ ಚಾಚಿದೆ. ಅವರು ನನ್ನ ಕೈಯನ್ನು ಮೊಣಕೈಯಿಂದ ಸರಿಸಿದರು.

"ಎಷ್ಟ ಹೊತ್ತಾತು?"

"ಎರಡ ತಾಸ ಆಗಿರಬೇಕ್ರಿ ಬಾಯಾರ" ಎಂದೆ.

"ನೀರ ಎಷ್ಟ ಹಾಕಿದ್ರಿ?"

"ಹಾಕಿಲ್ರಿ. ಸುಣ್ಣ ಅಲ್ರಿ. ನೀರ ಬಿದ್ರ ಕುದೀತೈತಿ."

ಅವರು ನೀರು ಬಿಡುವುದನ್ನು ನಿಲ್ಲಿಸದೆ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಹನಿ ಬಿದ್ರ ಕುದೀತೈತಿ, ಖರೆ. ಕೊಡಗಟ್ಟಲೆ ಸುರುವಿದ್ರ ಕುದಿಯಾಕ ಬಿಡೂದಿಲ್ಲವಾ, ತೊಳಕೊಂಡ ಹೋಗತೈತಿ. ಕಣ್ಣಾಗ ಮೊದಲ ನೀರ ಇರತೈತೋ ಇಲ್ಲೋ? ನೀವು ಹಾಕಲಿಲ್ಲ. ಅವನ ಕಣ್ಣೀರಾಗ ಕುದ್ದೈತಿ ಅದು."

 ಹಾಗಾದರೆ ಏನು ಮಾಡಬೇಕಿತ್ತು ಎಂದು ಕೇಳಿದೆ. ಯಾಕೆ ಕೇಳಿದೆನೋ, ಮಾಡುವ ಹೊತ್ತು ಹೋಗಿತ್ತು. ಅವರು ಕೈ ಬಿಡದೆ ಹೇಳಿದರು. ತಿಕ್ಕಗೊಡಬಾರದು. ಮುಖದ ಮೇಲಿನ ಪುಡಿಯನ್ನು ಒಣ ಬಟ್ಟೆಯಿಂದ ತಟ್ಟನೆ ಜಾಡಿಸಿಬಿಡಬೇಕು. ತಲೆ ವಾಲಿಸಿ, ಬೆರಳಿನಿಂದ ರೆಪ್ಪೆ ಅಗಲಿಸಿ ಹಿಡಿದು, ಚೊಕ್ಕ ನೀರು ಸುರುವಬೇಕು, ಒಂದು ಕಣ್ಣಿನದು ಇನ್ನೊಂದಕ್ಕೆ ಹರಿಯದಂತೆ. ಒಂದು ತಂಬಿಗೆ ಸಾಲದು, ಅರ್ಧ ತಾಸು ಬಿಡದೆ ಸುರುವಬೇಕು. ದವಾಖಾನೆಗೆ ತರುವಾಗ ಚಕ್ಕಡಿಯಲ್ಲೂ ಸುರುವುತ್ತ ಬರಬೇಕು. ಎಣ್ಣೆ, ಬೆಣ್ಣೆ ಏನೂ ಹಾಕಬಾರದು, ಕಟ್ಟಬಾರದು. ಇಷ್ಟೇ. ಇದಕ್ಕೆ ಔಷಧವೂ ಬೇಡ, ಡಾಕ್ಟರೂ ಬೇಡ. ಒಂದು ಕೊಡ ನೀರು, ಒಂದು ಹೆಣ್ಣಾಳು ಸಾಕು.

ಗಂಗವ್ವ ಮಗ್ಗುಲಲ್ಲೇ ನಿಂತು ಕೇಳಿದಳು. ನನ್ನ ಕಡೆ ತಿರುಗಲಿಲ್ಲ.

ಆಮೇಲೆ ಡಾಕ್ಟರು ನೋಡಿ, ರಾತ್ರಿಯಾಗುವ ಮೊದಲೇ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ನಮ್ಮ ಮನೆಯವರು, ಗಂಗವ್ವ ಅವನ ಸಂಗಡ ಹೋದರು. ನಾನು ಚಕ್ಕಡಿ ಹೊಡೆದುಕೊಂಡು ವಾಪಸು ಬಂದೆ.

ಹದಿನೈದು ದಿನ ಅವರು ಹುಬ್ಬಳ್ಳಿಯಲ್ಲಿದ್ದರು. ಯುಗಾದಿ ಬಂತು, ಹೋಯಿತು. ಎರಡನೆಯ ಭಟ್ಟಿಯ ಒಬ್ಬ ಹೆಂಗಸು, ಸಾವಂತ್ರವ್ವ ಎಂದು, ಕಲ್ಲು ಒಡೆಯುತ್ತಿದ್ದ ನನ್ನ ಹತ್ತಿರ ಬಂದು ಕೂತಳು. ಹೊಸ ಸೊಸೆ ಗಂಡನ ಕಣ್ಣಿಗೆ ನೀರು ಹಾಕಿದಳಂತಲ್ಲ ಎಂದಳು. ಕೊಡ ಹೊತ್ತು ಓಡಿದ್ದನ್ನು ಆಚೆ ಭಟ್ಟಿಯವರು ನೋಡಿದ್ದರು. ಬಾಗಿಲಲ್ಲಿ ನೆಲ ತೊಯ್ದದ್ದನ್ನು, ಒಡೆದ ಕೊಡದ ಬೋಕಿಯನ್ನು ಎಲ್ಲರೂ ನೋಡಿದ್ದರು. ಉಳಿದದ್ದನ್ನು ಅವರೇ ಕೂಡಿಸಿಕೊಂಡಿದ್ದರು. ಸುಣ್ಣದ ಮಂದಿಗೆ ಅದು ನಂಬಲು ಸುಲಭ.

ಇಲ್ಲ ಅನ್ನಬೇಕಿತ್ತು. ಎರಡೇ ಅಕ್ಷರ. ನಾನು ಸುತ್ತಿಗೆ ಎತ್ತಿ ಕಲ್ಲು ಒಡೆದೆ.

ಯಾಕೆ ಎಂದು ಕೇಳಿದರೆ, ಅಂಜಿದೆ. ನನಗೆ ಎರಡೂ ಹೆಣ್ಣು. ಎರಡನೆಯದು ಹುಟ್ಟಿದಾಗಿನಿಂದ ಅತ್ತೆ ನನ್ನನ್ನು ಹುನಗುಂದಕ್ಕೆ, ತವರಿಗೆ ಕಳಿಸಿ ಮಗನಿಗೆ ಇನ್ನೊಂದು ಮಾಡುವ ಮಾತು ಎತ್ತುತ್ತಿದ್ದಳು. ಕಿರಿ ಮಗನ ಕಣ್ಣು ತೆಗೆದವಳು ನಾನು ಎಂದರೆ ನನಗೆ ಹೊಸ್ತಿಲೂ ಉಳಿಯುತ್ತಿರಲಿಲ್ಲ. ಇದು ನೆಪವಲ್ಲ, ಇದ್ದದ್ದು. ಅಂಜಿಕೆ ಇತ್ತು ಎಂದ ಮಾತ್ರಕ್ಕೆ ಮಾಡಿದ್ದು ಸರಿಯಾಗುವುದಿಲ್ಲ. ಒಂದು ವಾರದಲ್ಲಿ ಐದೂ ಭಟ್ಟಿಗಳಲ್ಲಿ ಅದೇ ಮಾತು ಗಟ್ಟಿಯಾಯಿತು: ನೇಕಾರರ ಮನೆಯಿಂದ ಬಂದವಳು ಗಂಡನ ಕಣ್ಣು ಕುದಿಸಿದಳು.

ಅವರು ಬಂದರು. ಯಂಕಪ್ಪನ ಬಲಗಣ್ಣು ತತ್ತಿಯ ಸಿಪ್ಪೆಯಂತೆ ಬೆಳ್ಳಗಾಗಿತ್ತು. ಎಡಗಣ್ಣಿಗೆ ಹಗಲು ಯಾವುದು ರಾತ್ರಿ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಅತ್ತೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಗಂಗವ್ವ ಬಡಿಸಿದ ಗಂಗಾಳವನ್ನು ಅವನ ಮುಂದಿನಿಂದ ತೆಗೆದು ತಾನೇ ಬಡಿಸಿದಳು. ನೀರು ಹಾಕಿದ್ದು ಖರೆಯೇನು ಎಂದು ಅವನನ್ನು ಕೇಳಿದಳು. ಕಣ್ಣಿಗೆ ಏನು ಬಿತ್ತೋ ತನಗೆ ಗೊತ್ತಿಲ್ಲ, ಉರಿ ಒಂದು ಗೊತ್ತು ಎಂದ ಅವನು. ಗಂಗವ್ವ ಬಾಯಿ ಬಿಡಲಿಲ್ಲ. ನನ್ನ ಹೆಸರು ಹೇಳಲು ಅವಳಿಗೆ ನಾಲ್ಕು ದಿನ, ನಾಲ್ಕು ರಾತ್ರಿ ಇದ್ದವು. ಹೇಳಲಿಲ್ಲ.

ಐದನೆಯ ದಿನ ಅವಳ ಅಪ್ಪ ಗುಳೇದಗುಡ್ಡದಿಂದ ಬಂದ. ಅತ್ತೆ ಹೇಳಿ ಕಳಿಸಿದ್ದಳು. ಬಡಕಲು ಮನುಷ್ಯ, ಮಗ್ಗದಲ್ಲಿ ಕೂತು ಕೂತು ಬೆನ್ನು ಬಾಗಿತ್ತು. ಪಡಸಾಲೆಯ ಅಂಚಿಗೆ ಕೂತ. ಯಂಕಪ್ಪ ಗೋಡೆಗೆ ಒರಗಿದ್ದ. ನಮ್ಮ ಮನೆಯವರು ಕಂಬದ ಹತ್ತಿರ ನಿಂತಿದ್ದರು; ಅವತ್ತು ತಮ್ಮನನ್ನು ಇಳಿಸುವ ಗದ್ದಲದಲ್ಲಿ ಬಾಗಿಲಲ್ಲಿ ಏನಾಯಿತೆಂದು ಅವರು ನೋಡಿರಲಿಲ್ಲ. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ.

"ನಿನ್ನ ಮಗಳನ್ನ ಕರಕೊಂಡ ಹೋಗಪಾ. ನನ್ನ ಮಗನ ಕಣ್ಣ ಕುದಿಸಿದ ಕೈಲೆ ಅವಗ ರೊಟ್ಟಿ ಬ್ಯಾಡ" ಎಂದಳು ಅತ್ತೆ.

 ಅವನು ಮಗಳ ಕಡೆ ತಿರುಗಿದ.

"ನೀರ ಹಾಕಿದ್ಯೇನವಾ?"

"ಹಾಕಬೇಕಿತ್ತಪಾ" ಎಂದಳು ಗಂಗವ್ವ.

ಅತ್ತೆ ಕೇಳಿದಿರಾ, ತನ್ನ ಬಾಯಿಂದಲೇ ಹೇಳಿದಳು ಎಂದು ತೊಡೆ ತಟ್ಟಿದಳು. ಅವಳ ಅಪ್ಪ ತಲೆ ತಗ್ಗಿಸಿದ. ಗಂಟು ಕಟ್ಟಿಕೊ ಎಂದ. ಗಂಗವ್ವ ಎದ್ದಳು. ಎದ್ದವಳು ಗಂಡನನ್ನು ನೋಡಿದಳು. ಅವನಿಗೆ ಅದು ಕಾಣಲಿಲ್ಲ.

ನಾನು ಚಹಾದ ತಟ್ಟೆ ನೆಲಕ್ಕಿಟ್ಟೆ.

"ಆಕಿ ಹಾಕಿಲ್ಲ. ಹಾಕಾಕ ಬಂದಿದ್ಲು, ನಾ ಕೊಡ ಒಡದೆ. ಎಣ್ಣಿ ಹಾಕಿ ಕಟ್ಟಿದಾಕಿನೂ ನಾನ. ಆ ನೀರ ಹಾಕಿದ್ರ ಕಣ್ಣ ಉಳಿಯೂ ಆಸೆ ಇತ್ತು. ನರ್ಸಬಾಯಿ ಅವತ್ತ ನನಗ ಹೇಳ್ಯಾರ."

 ಒಳಗೆ ಕೂಸು ಅಳುತ್ತಿತ್ತು, ಯಾರೂ ಎತ್ತಲಿಲ್ಲ. ಮೊದಲು ಅತ್ತೆಗೆ ಮಾತು ಬಂತು. ನನ್ನ ಮೇಲೆ ಸಿಟ್ಟೂ ಬರಲಿಲ್ಲ ಅವಳಿಗೆ, ನಂಬಲೇ ಇಲ್ಲ.

"ನರ್ಸಬಾಯಿ ಎಷ್ಟ ಭಟ್ಟಿ ಸುಟ್ಟಾಳ?" ಎಂದಳು. ಸುಣ್ಣಕ್ಕೆ ನೀರು ಹಾಕಿದರೆ ಒಳ್ಳೆಯದಾಗುತ್ತದೆ ಅನ್ನುವವರನ್ನು ಈ ಅರವತ್ತು ವರ್ಷದಲ್ಲಿ ಕಂಡಿಲ್ಲ, ನೆಗೆಣ್ಣಿಯ ಮೇಲಿನ ಕರುಳಿಗೆ ಸುಳ್ಳು ಹೇಳುತ್ತಿದ್ದೀಯ ಎಂದಳು. ನನಗೂ ಗಂಗವ್ವನಿಗೂ ಎಂಥ ಕರುಳು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಾಗೆ ಅಂದಳು. ನಮ್ಮ ಮನೆಯವರು ನಂಬಿದರು. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಆಮೇಲೆ ಆರು ತಿಂಗಳು ನನ್ನ ಸಂಗಡ ಮಾತಾಡಲಿಲ್ಲ.

ಯಂಕಪ್ಪ ಮುಖವನ್ನು ನನ್ನ ದನಿ ಬಂದ ಕಡೆ ತಿರುಗಿಸಿದ. ಸ್ವಲ್ಪ ತಪ್ಪಿ, ಬಾಗಿಲಿನ ಕಡೆ ತಿರುಗಿತ್ತು.

"ನೀ ಒಬ್ಬಾಕೀನ ತಡೀಲಿಲ್ಲ ವೈನಿ. ಬ್ಯಾಡ ಅಂತ ನಾನೂ ಅಂದಿದ್ದೆ."

ಇಷ್ಟೇ ಅಂದ. ಆಮೇಲೆ ಗೋಡೆ ಹಿಡಿದು ಎದ್ದು, ಮಾವನ ಕಡೆ ಕೈ ಚಾಚಿ, ತಾನೂ ಬರುತ್ತೇನೆ ಎಂದ. ಅತ್ತೆ ಅತ್ತಳು, ಬೈದಳು, ಹೆಂಡತಿಯ ತವರಿನಲ್ಲಿ ಕೂತು ತಿನ್ನುವವನಾದೆಯಾ ಎಂದಳು. ಅವನು ಕೇಳಲಿಲ್ಲ. ಹೇಳಿದ ಮಾತು ಕೇಳುವುದನ್ನು ಅವನು ಅವತ್ತು ಬಿಟ್ಟ.

ಬಸ್ಸಿಗೆ ಹೊತ್ತಿತ್ತು. ನಾನು ಅಡಿಗೆ ಮನೆಯಲ್ಲಿ ಅವರಿಗೆ ರೊಟ್ಟಿ ಕಟ್ಟುತ್ತಿದ್ದೆ. ಗಂಗವ್ವ ಬಂದು ಬಾಗಿಲಲ್ಲಿ ನಿಂತಳು. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಅವಳು ಇರಲಿ ಬಿಡು ಅನ್ನಬೇಕಾಗುತ್ತಿತ್ತು, ಅದನ್ನೂ ಅವಳ ಮೇಲೆ ಯಾಕೆ ಹೊರಿಸುವುದು. ಅವಳೇ ಮಾತಾಡಿದಳು.

"ನೀ ಒಂದ ಕೊಡ ಒಡದಿ ಅಕ್ಕಾ. ಗಿಡದ ಕೆಳಗ ಇನ್ನೊಂದ ಇತ್ತು."

ನಾನು ಕೈಯಲ್ಲಿದ್ದ ರೊಟ್ಟಿ ಹಿಡಿದುಕೊಂಡೇ ನಿಂತೆ.

"ನೀ ಬೈತಿ ಅಂತ ಅಂಜಿ ನಾ ಹೋಗಲಿಲ್ಲ" ಎಂದಳು. ರೊಟ್ಟಿಯ ಗಂಟು ಇಸಿದುಕೊಂಡು ಹೋದಳು.

ಗುಳೇದಗುಡ್ಡದಲ್ಲಿ ಅವನು ಅವಳ ಮಗ್ಗದ ಮಗ್ಗುಲಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತುವುದನ್ನು ಕಲಿತ. ಕೈಯಲ್ಲೇ ನೂಲು ತಿಳಿಯುತ್ತಿತ್ತಂತೆ. ಮೂವತ್ತು ವರ್ಷ ಸುತ್ತಿದ. ಇಬ್ಬರು ಮಕ್ಕಳಾದರು. ಒಂದು ಸಲ ನಾನು ಹೋಗಿದ್ದೆ, ತೊಟ್ಟಿಲಿಗೆ. ನನ್ನ ಹೆಜ್ಜೆ ಕೇಳಿಯೇ ದೊರೆಸಾನಿ ಬಂದಳು ಎಂದ. ಗಂಗವ್ವ ನಗಲಿಲ್ಲ, ಚಹಾ ಕೊಟ್ಟಳು. ಅವರು ನಮ್ಮ ಮನೆಗೆ ತಿರುಗಿ ಬರಲಿಲ್ಲ. ಅವನು ತೀರಿಕೊಂಡಾಗಲೂ ನಮಗೆ ಮಣ್ಣಾದ ಮೇಲೆ ಸುದ್ದಿ ಬಂತು.

ಅವರು ಬಸ್ಸು ಹತ್ತಿ ಹೋದ ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಮರುದಿನ ನಸುಕಿನಲ್ಲಿ ಎದ್ದೆ. ಕೂಸನ್ನು ಹಿಡಿ ಎಂದು ಅತ್ತೆಯ ಮುಂದೆ ಇಟ್ಟೆ, ಹಿಡಿಯಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ಮೊದಲನೆಯ ಭಟ್ಟಿಗೆ ಹೋದೆ. ನಾಲ್ಕೈದು ಹೆಂಗಸರು ಕೂತು ರೊಟ್ಟಿ ತಿನ್ನುತ್ತಿದ್ದರು. ಗಂಗವ್ವ ನೀರು ಹಾಕಲಿಲ್ಲ, ಹಾಕಲು ಬಂದವಳನ್ನು ತಡೆದವಳು ನಾನು, ಕಣ್ಣು ಹೋದದ್ದು ಅದಕ್ಕೆ ಎಂದು ನಿಂತುಕೊಂಡೇ ಹೇಳಿದೆ. ನಿನ್ನನ್ನು ಯಾರಾದರೂ ಕೇಳಿದರೇನು ಎಂದಳು ಒಬ್ಬಳು. ಇಲ್ಲ ಎಂದೆ. ಎರಡನೆಯ ಭಟ್ಟಿಯಲ್ಲಿ ಸಾವಂತ್ರವ್ವನಿಗೂ ಅದನ್ನೇ ಹೇಳಿದೆ, ಅವಳು ಬೇರೆ ಕಡೆ ನೋಡಿದಳು. ನಾಲ್ಕನೆಯದರಲ್ಲಿ ಹಿರಿಯನೊಬ್ಬ ಬೆಳಬೆಳಗ್ಗೆ ಇಂಥ ಮಾತು ಭಟ್ಟಿಯ ಮುಂದೆ ಆಡಬೇಡ, ನಡಿ ಎಂದು ಅಟ್ಟಿದ. ನಾನು ಹೇಳಿ ಮುಗಿಸಿಯೇ ಹೊರಟೆ. ಐದನೆಯದರಲ್ಲಿ ಒಬ್ಬ ಬಸುರಿ ಕಲ್ಲು ಒಡೆಯುತ್ತಿದ್ದಳು. ಪೂರಾ ಕೇಳಿದಳು. ಸುತ್ತಿಗೆ ಕೆಳಗಿಟ್ಟು, ಎಷ್ಟು ಹೊತ್ತು ಸುರುವಬೇಕು ಎಂದು ಕೇಳಿದಳು. ಅರ್ಧ ತಾಸು, ನಡುವೆ ಬಿಡಬಾರದು ಎಂದೆ.

ನಮ್ಮ ಭಟ್ಟಿಗೆ ಬರುವಾಗ ಬಿಸಿಲು ಏರಿತ್ತು. ಭಟ್ಟಿ ಆರಿತ್ತು, ಸುಣ್ಣ ಎಳೆಯುವ ದಿನ. ನಮ್ಮ ಮನೆಯವರು ಬಂದಿರಲಿಲ್ಲ. ಯಂಕಪ್ಪನ ಸಲಿಕೆ ಗೋಡೆಗೆ ಒರಗಿತ್ತು. ಕೂಸನ್ನು ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸಿ ಬಂದೆ. ಮುಖಕ್ಕೆ ಸೆರಗು ಸುತ್ತಿಕೊಂಡು ಭಟ್ಟಿಯ ಬಾಯಿಗೆ ಕೂತು ಎಳೆಯತೊಡಗಿದೆ.